ಕಫನ್ ತರದೆ ಬಂದವಳ ತೌಬಾ

ಕೆಟ್ಟವನು ಒಳ್ಳೆಯವನಾಗುವ ಕಥೆ ಬರೆಯುವುದು ಸುಲಭವೆಂದು ಹೊಸದಾಗಿ ಲೇಖನಿ ಹಿಡಿದವರೆಲ್ಲ ತಿಳಿದಿರುತ್ತಾರೆ. ಕುಡುಕ ಗಂಡ, ಬಡ್ಡಿ ತಿನ್ನುವ ಸಾಹುಕಾರ, ಸೊಸೆಯನ್ನು ಕಾಡುವ ಅತ್ತೆ, ಇವರಲ್ಲಿ ಯಾರಾದರೊಬ್ಬರನ್ನು ಹಿಡಿದು ನಾಲ್ಕು ಪುಟ ಪಾಪ ಮಾಡಿಸಿ, ಐದನೆಯ ಪುಟದಲ್ಲಿ ಒಂದು ಸಾವನ್ನೋ ಒಂದು ಅಝಾನನ್ನೋ ತಂದುಬಿಟ್ಟರೆ ಪಾತ್ರದ ಕಣ್ಣಲ್ಲಿ ನೀರು ಬರುತ್ತದೆ, ಕಥೆಯೂ ಮುಗಿಯುತ್ತದೆ. ನಮ್ಮ ವಿಶೇಷಾಂಕಗಳಲ್ಲಿ, ಉರ್ದುವಿನ ಇಸ್ಲಾಹೀ ಅಫ್ಸಾನೆಗಳಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಆದರೆ ಓದುಗ ಅವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಕಾರಣ ಸರಳ. ಅಲ್ಲಿ ತಪ್ಪಿತಸ್ಥನಿಗೆ ಕ್ಷಮೆ ಕೊಡುತ್ತಿರುವವನು ಕಥೆಗಾರ. ಅನ್ಯಾಯಕ್ಕೆ ಒಳಗಾದವರು ಅಷ್ಟು ಹೊತ್ತಿಗೆ ಕಥೆಯಿಂದಲೇ ಹೊರಗೆ ಹೋಗಿರುತ್ತಾರೆ. ಬೇರೆಯವರ ಗಂಟಿನಿಂದ ತೆಗೆದು ದಾನ ಮಾಡಿದ ಹಾಗೆ, ಆ ಕ್ಷಮೆಗೆ ಬರ್ಕತ್ ಇರುವುದಿಲ್ಲ.

ಬಾನು ಮುಷ್ತಾಕ್ ಅವರ ಒಂದು ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕೆಂದು ನನಗೆ ತೋರುತ್ತದೆ. ಹಜ್ಜ್‌ಗೆ ಹೋದ ಶ್ರೀಮಂತ ಮಹಿಳೆಯೊಬ್ಬಳು ಬಡ ಹೆಂಗಸಿಗೆ ಕಫನ್ ತಂದುಕೊಡುತ್ತೇನೆಂದು ಮಾತು ಕೊಟ್ಟು ತರದೆ ಬಂದ ಕಥೆ ಅದು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಅದು ‘ದಿ ಶ್ರೌಡ್’ ಎಂಬ ಹೆಸರಿನಲ್ಲಿದೆ. ಆ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ಬಾನು ಅವರ ಬಗ್ಗೆ ಮಾತಾಡದವರಿಲ್ಲ. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಆದರೆ ಪ್ರಶಸ್ತಿಯ ಮಾತು ಹೆಚ್ಚಾದಷ್ಟೂ ಕಥೆಗಳ ಮಾತು ಕಡಿಮೆಯಾಗಿದೆ. ಕೆಲವರಿಗೆ ಅವರು ಮುಸ್ಲಿಂ ಹೆಣ್ಣಿನ ನೋವಿನ ವಕೀಲೆ ಮಾತ್ರ. ಇನ್ನು ಕೆಲವರಿಗೆ ಮನೆಯ ಮಾತನ್ನು ಬೀದಿಗೆ ತಂದವರು. ಈ ಎರಡು ಓದಿಗೂ ಕಫನಿನ ಕಥೆ ಸಿಕ್ಕುವುದಿಲ್ಲ. ಇಲ್ಲಿ ಹೆಣ್ಣನ್ನು ನೋಯಿಸುವವಳು ಹೆಣ್ಣೇ. ಮೌಲ್ವಿಯಾಗಲಿ ಮುತವಲ್ಲಿಯಾಗಲಿ ಇಲ್ಲಿ ಅಪರಾಧಿಯಲ್ಲ. ಒಬ್ಬ ಮುಸ್ಲಿಮಳ ದೀನು ಅವಳ ಎದುರಿಗೇ ಬಂದು ಲೆಕ್ಕ ಕೇಳುವ ಕಥೆ ಇದು.

ಕಥೆಯ ಸಾರ

ಶಾಜಿಯಾ ಅನುಕೂಲಸ್ಥ ಮನೆಯ ಗೃಹಿಣಿ. ಯಾಸೀನ್ ಬುವಾ ವಿಧವೆ. ಮದುವೆ ಮನೆಗಳಲ್ಲಿ, ಉಳ್ಳವರ ಮನೆಗಳಲ್ಲಿ ದುಡಿದು ಮಕ್ಕಳನ್ನು ಸಾಕಿದವಳು. ಶಾಜಿಯಾ ಹಜ್ಜ್‌ಗೆ ಹೊರಡುತ್ತಾಳೆಂದು ತಿಳಿದು ಬುವಾ ಬರುತ್ತಾಳೆ. ತನ್ನ ದುಡಿಮೆಯಿಂದ ಕೂಡಿಟ್ಟ ಹಣವನ್ನು ಅವಳ ಕೈಗೆ ಕೊಟ್ಟು, ಝಮ್‌ಝಮ್ ನೀರಿನಲ್ಲಿ ಅದ್ದಿದ ಒಂದು ಕಫನ್ ತಂದುಕೊಡಮ್ಮ ಎಂದು ಕೇಳುತ್ತಾಳೆ. ಶಾಜಿಯಾ ಒಪ್ಪುತ್ತಾಳೆ. ಪವಿತ್ರ ನಗರಗಳಲ್ಲಿ ಇಬಾದತ್ತೂ ನಡೆಯುತ್ತದೆ, ಖರೀದಿಯೂ ನಡೆಯುತ್ತದೆ. ಕಫನ್ ಮಾತ್ರ ಇವತ್ತಲ್ಲ ನಾಳೆ ಎಂದು ಮುಂದಕ್ಕೆ ಹೋಗುತ್ತದೆ. ಊರಿಗೆ ಬರುವಾಗ ಬೆಲೆಬಾಳುವ ಕಾರ್ಪೆಟ್ ಜೊತೆಗಿರುತ್ತದೆ, ಕಫನ್ ಇರುವುದಿಲ್ಲ.

ಬುವಾ ಆಸೆಯಿಂದ ಬಂದಾಗ ಶಾಜಿಯಾ ಅವಳಿಗೆ ಜಾನಮಾಝ್ ಮತ್ತು ತಸ್ಬೀಹ್ ಕೊಡಲು ಹೋಗುತ್ತಾಳೆ. ಬುವಾ ಅವನ್ನು ತೆಗೆದುಕೊಳ್ಳದೆ ತನ್ನ ಕಫನ್ ಕೇಳುತ್ತಾಳೆ. ಶಾಜಿಯಾ ರೇಗುತ್ತಾಳೆ. ಬುವಾ ಹಿಂತಿರುಗಿ ಹೋಗುತ್ತಾಳೆ. ಆ ಮೇಲೆ ಒಂದು ದಿನ ಫಜ್ರ್ ನಮಾಝ್ ತಪ್ಪಿಹೋಗುವಷ್ಟು ತಡವಾಗಿ ಶಾಜಿಯಾ ಏಳುತ್ತಾಳೆ. ಬಾಗಿಲಲ್ಲಿ ಬುವಾಳ ಮಗ ಅಲ್ತಾಫ್ ನಿಂತಿದ್ದಾನೆ. ತಾಯಿ ತೀರಿಕೊಂಡಿದ್ದಾಳೆ, ಅವಳಿಗಾಗಿ ತಂದ ಕಫನ್ ಕೊಡಿ ಎಂದು ಕೇಳಲು ಬಂದಿದ್ದಾನೆ. ಕಥೆ ಈ ಮುಂಜಾನೆಯಿಂದಲೇ ಶುರುವಾಗುತ್ತದೆ. ಶಾಜಿಯಾ ಗಾಬರಿಯಿಂದ ಅವರಿವರಲ್ಲಿ ಝಮ್‌ಝಮ್ ಕಫನಿಗಾಗಿ ವಿಚಾರಿಸುತ್ತಾಳೆ. ಸಿಗುವುದಿಲ್ಲ. ಬುವಾಳಿಗೆ ಕಫನ್ ಆಗುತ್ತದೆ, ಆದರೆ ಅವಳು ಬಯಸಿದ ಕಫನ್ ಅಲ್ಲ. ಶಾಜಿಯಾ ಅಳುತ್ತಾಳೆ. ಈ ಅಂತ್ಯಸಂಸ್ಕಾರ ಬುವಾಳದಲ್ಲ, ತನ್ನದೇ ಎಂಬುದು ಅವಳೊಬ್ಬಳಿಗೇ ಗೊತ್ತು ಎಂಬಲ್ಲಿಗೆ ಕಥೆ ನಿಲ್ಲುತ್ತದೆ.

ಮರೆವು ಎಂಬ ಪಾಪ

ಶಾಜಿಯಾ ದುಷ್ಟಳಲ್ಲ. ಅವಳು ಕದ್ದಿಲ್ಲ, ಬುವಾಳ ಹಣ ನುಂಗಬೇಕೆಂದು ಯೋಚಿಸಿಲ್ಲ. ಆ ಹಣ ಅವಳಿಗೆ ಯಾವ ಲೆಕ್ಕಕ್ಕೂ ಇಲ್ಲ. ಅವಳ ತಪ್ಪಿರುವುದು ಅಲ್ಲಿಯೇ. ಬುವಾಳ ಜೀವಮಾನದ ಉಳಿತಾಯ ಅವಳ ಖರೀದಿಯ ಪಟ್ಟಿಯಲ್ಲಿ ಕೊನೆಯ ಸಾಲಾಗುತ್ತದೆ. ಒಬ್ಬರಿಗೆ ಎಲ್ಲವೂ ಆಗಿರುವ ವಸ್ತು ಇನ್ನೊಬ್ಬರಿಗೆ ಮರೆತುಹೋಗುವಷ್ಟು ಚಿಕ್ಕದಾಗಿರುವುದೇ ಅಂತಸ್ತು ಎಂಬುದರ ಅರ್ಥ. ಬಂಡಾಯ ಚಳವಳಿಯ ಕಾಲದಲ್ಲಿ ಬೆಳೆದ ಲೇಖಕಿ ಇದನ್ನು ಘೋಷಣೆಯಾಗಿ ಹೇಳದೆ ಒಂದು ಕಾರ್ಪೆಟ್ಟಿನ ಮೂಲಕ ತೋರಿಸಿದ್ದಾರೆ. ಕಾಲ ಕೆಳಗೆ ಹಾಸುವ ಬಟ್ಟೆ ಸಮುದ್ರ ದಾಟಿ ಬಂತು. ಮೈಮೇಲೆ ಹೊದಿಸಿ ಮಣ್ಣಿಗೆ ಇಳಿಸುವ ಬಟ್ಟೆ ಬರಲಿಲ್ಲ.

ಇಲ್ಲಿ ಕೆಲವು ಓದುಗರು ಒಂದು ಆಕ್ಷೇಪ ಎತ್ತುತ್ತಾರೆ. ಝಮ್‌ಝಮ್‌ನಲ್ಲಿ ಅದ್ದಿದ ಕಫನ್ ಬೇಕೆಂದು ಶರೀಅತ್ ಎಲ್ಲಿ ಹೇಳಿದೆ? ಹೆಂಗಸಿಗೆ ಐದು ಬಟ್ಟೆಯ ಕಫನ್ ಸಾಕು, ಅದು ಊರಿನ ಅಂಗಡಿಯ ಬಿಳಿ ಬಟ್ಟೆಯಾದರೂ ಆದೀತು. ಇದೆಲ್ಲ ಅಜ್ಞಾನದ ನಂಬಿಕೆ ಎನ್ನುವುದು ಅವರ ವಾದ. ಮಸ್‌ಅಲದ ಮಟ್ಟಿಗೆ ಅವರು ಹೇಳುವುದು ಸರಿ. ಆದರೆ ಕಥೆಯ ಪ್ರಶ್ನೆ ಕಫನಿನ ಮಸ್‌ಅಲವಲ್ಲ, ಅಮಾನತ್ತಿನದು. ಅಮಾನತ್ ಇಟ್ಟ ವಸ್ತುವಿಗೆ ಎಷ್ಟು ಬೆಲೆ ಎಂದು ನಿರ್ಧರಿಸುವ ಹಕ್ಕು ಇಟ್ಟುಕೊಂಡವನಿಗಿಲ್ಲ. ಬುವಾ ಮಣ್ಣಿನ ಮಡಕೆ ತರಲು ಹೇಳಿದ್ದರೂ ಶಾಜಿಯಾಳ ಹೊಣೆ ಅಷ್ಟೇ ಆಗಿರುತ್ತಿತ್ತು.

ಬುವಾಳ ಆಸೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಮೊದಲು ಅದು ಎಲ್ಲಿಂದ ಬಂತೆಂದು ನೋಡಬೇಕು. ನಮ್ಮ ಕಾಮಸಮುದ್ರ ಹೋಬಳಿ ಆಂಧ್ರ, ತಮಿಳುನಾಡುಗಳ ಗಡಿಗೆ ಹತ್ತಿರದ ಸೀಮೆ. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಈ ಕಡೆ ಹೆಚ್ಚಾದರು. ಇಂಥ ಊರುಗಳಲ್ಲಿ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ತಮ್ಮ ಕಫನನ್ನು ತಾವೇ ಮಡಿಸಿಟ್ಟುಕೊಂಡ ಮುದುಕಿಯರಿದ್ದಾರೆ. ಬದುಕಿರುವ ತನಕ ಬೇರೆಯವರು ಉಟ್ಟುಬಿಟ್ಟ ಸೀರೆ ಉಟ್ಟವರಿಗೆ, ಕೊನೆಯ ಬಟ್ಟೆಯಾದರೂ ಸ್ವಂತದ್ದಾಗಿರಲಿ, ಯಾರ ಚಂದಾ ಹಣದ್ದೂ ಆಗದಿರಲಿ ಎಂಬ ಹಟ ಇರುತ್ತದೆ. ಅದಕ್ಕೆ ಮಕ್ಕಾದ ನೀರು ತಾಗಿದ್ದರೆ, ತಾವು ಹೋಗಲಾಗದ ಜಾಗಕ್ಕೆ ತಮ್ಮ ಬಟ್ಟೆಯಾದರೂ ಹೋಗಿ ಬಂದಂತಾಯಿತು. ಯಾಸೀನ್ ಬುವಾಳ ಹಜ್ಜ್ ಎಂದರೆ ಅದೇ. ಆ ಹಜ್ಜನ್ನು ಶಾಜಿಯಾ ತಪ್ಪಿಸಿಬಿಟ್ಟಳು.

ಹಕ್ಕನ್ನು ಖೈರಾತ್ ಮಾಡುವುದು

ನನ್ನ ದೃಷ್ಟಿಯಲ್ಲಿ ಕಥೆಯ ಜೀವ ಇರುವುದು ಜಾನಮಾಝ್ ಕೊಡುವ ಸನ್ನಿವೇಶದಲ್ಲಿ. ಶಾಜಿಯಾ ಏನು ಮಾಡಲು ಹೋಗುತ್ತಾಳೆ? ಬುವಾಳಿಗೆ ಸಲ್ಲಬೇಕಾದದ್ದರ ಬದಲು ಉಡುಗೊರೆ ಕೊಡಲು ಹೋಗುತ್ತಾಳೆ. ಮೇಲ್ನೋಟಕ್ಕೆ ಇದು ಔದಾರ್ಯ. ಹಣದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಸರಿಹೋಗಲೂಬಹುದು. ಆದರೆ ಸಾಲಗಾರ್ತಿಯಾಗಿ ನಿಲ್ಲಬೇಕಾದವಳು ದಾನಿಯಾಗಿ ನಿಂತಳು. ಕೇಳುವ ಹಕ್ಕಿದ್ದವಳು ಬೇಡುವವಳಾಗಬೇಕಾಯಿತು. ಉಳ್ಳವರು ಇಲ್ಲದವರಿಗೆ ಮಾಡುವ ದೊಡ್ಡ ಅನ್ಯಾಯ ಇದೇ ರೂಪದಲ್ಲಿ ನಡೆಯುತ್ತದೆ. ತಿಂಗಳ ಸಂಬಳ ತಡಮಾಡಿ, ರಮಝಾನ್‌ನಲ್ಲಿ ಒಂದು ಸೀರೆ ಕೊಡುವವರನ್ನು ನಾವೆಲ್ಲ ಕಂಡಿದ್ದೇವೆ. ಹಕ್ಕನ್ನು ಖೈರಾತ್ ಮಾಡಿ ಕೊಟ್ಟರೆ, ಕೊಟ್ಟವನ ಕೈ ಮೇಲೇ ಉಳಿಯುತ್ತದೆ.

ಬುವಾ ಆ ಜಾನಮಾಝನ್ನು ತೆಗೆದುಕೊಂಡಿದ್ದರೆ ಶಾಜಿಯಾಳಿಗೆ ಪರಿವರ್ತನೆಯ ಪ್ರಸಂಗವೇ ಬರುತ್ತಿರಲಿಲ್ಲ. ಎಲ್ಲವೂ ನಯವಾಗಿ ಮುಚ್ಚಿಹೋಗುತ್ತಿತ್ತು. ಮುದುಕಿ ಒಪ್ಪಲಿಲ್ಲ. ಅವಳ ನಿರಾಕರಣೆ ಬಾಯಿಮಾತಿನ ಪ್ರತಿಭಟನೆಯಲ್ಲ. ತನ್ನದು ತನಗೆ ಬೇಕೆಂಬ ನೇರ ಮಾತು. ಶಾಜಿಯಾ ಮೊದಲ ಸಲ ರೇಗುವುದು ಇಲ್ಲಿಯೇ. ದಾನ ತಿರಸ್ಕೃತವಾದಾಗ ದಾನಿಗೆ ಬರುವ ಸಿಟ್ಟು ಅವಳ ಒಳಗನ್ನು ಬಯಲು ಮಾಡುತ್ತದೆ. ತಪ್ಪು ಮಾಡಿದವರು ಕೋಪಗೊಳ್ಳುವುದು ತಮಗೆ ಅದು ಗೊತ್ತಿರುವುದರಿಂದಲೇ ಎಂಬುದನ್ನು ಬಾನು ಅವರು ಚೆನ್ನಾಗಿ ಬಲ್ಲರು.

ಇನ್ನೊಂದು ರಿವಾಜನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮಲ್ಲಿ ಹಜ್ಜ್‌ಗೆ ಹೊರಡುವವರು ಮನೆಮನೆಗೆ ಹೋಗಿ ‘ಕಹಾ ಸುನಾ ಮಾಫ್ ಕರ್ನಾ’ ಎಂದು ಕೇಳಿಕೊಳ್ಳುತ್ತಾರೆ. ಆಡಿದ್ದು ಕೇಳಿದ್ದನ್ನೆಲ್ಲ ಕ್ಷಮಿಸಿಬಿಡಿ ಎಂದು ಅರ್ಥ. ಬಹಳ ಸುಂದರವಾದ ರಿವಾಜು. ಮನುಷ್ಯರ ಲೆಕ್ಕ ಮುಗಿಸಿಕೊಂಡು ಅಲ್ಲಾಹನ ಮನೆಗೆ ಹೋಗಬೇಕೆಂಬ ತಿಳಿವಳಿಕೆ ಅದರ ಹಿಂದಿದೆ. ಆದರೆ ಶಾಜಿಯಾಳ ವಿಷಯದಲ್ಲಿ ಹೊಸ ಲೆಕ್ಕ ಶುರುವಾದದ್ದೇ ಹಜ್ಜ್‌ನ ದಾರಿಯಲ್ಲಿ. ಹಜ್ಜ್ ಸ್ವೀಕೃತವಾದವನು ಆಗ ಹುಟ್ಟಿದ ಮಗುವಿನ ಹಾಗೆ ಮರಳುತ್ತಾನೆ ಎಂದು ನಾವು ಕೇಳಿದ್ದೇವೆ. ಹೋಗುವಾಗ ಇಲ್ಲದ ಸಾಲವನ್ನು ಹೊತ್ತುಕೊಂಡು ಮರಳಿದವಳ ಬಗ್ಗೆ ಏನು ಹೇಳೋಣ? ಕಥೆ ಈ ಪ್ರಶ್ನೆಯನ್ನು ನೇರವಾಗಿ ಕೇಳುವುದಿಲ್ಲ. ಕೇಳದೆ ಇರುವುದರಿಂದಲೇ ಅದು ಹಜ್ಜ್ ಮಾಡಿದ, ಮಾಡದ ಎಲ್ಲರಿಗೂ ತಟ್ಟುತ್ತದೆ.

ಮೂರು ಹಳೆಯ ಕಥೆಗಳ ಪಕ್ಕದಲ್ಲಿ

ಕೆಟ್ಟ ಮನಸ್ಸು ತಿರುಗುವುದನ್ನು ನಮ್ಮ ಹಿರಿಯರು ಹೇಗೆ ಬರೆದಿದ್ದಾರೆಂದು ನೋಡಿದರೆ ಬಾನು ಅವರ ದಾರಿ ಸ್ಪಷ್ಟವಾಗುತ್ತದೆ.

ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನವರೇ ಆದ ಮಾಸ್ತಿಯವರ ‘ವೆಂಕಟಿಗನ ಹೆಂಡತಿ’ಯಲ್ಲಿ ಗಂಡನನ್ನು ಬಿಟ್ಟು ಉಳ್ಳವನ ಕಡೆಗೆ ಹೋದ ಹೆಂಗಸು ಮರಳಿ ಬರುತ್ತಾಳೆ. ಅಕ್ಷರ ಬಲ್ಲವರು ಹಿಂಜರಿಯುವ ಜಾಗದಲ್ಲಿ ವೆಂಕಟಿಗ ಅವಳನ್ನು ಮನೆಗೆ ಸೇರಿಸಿಕೊಳ್ಳುತ್ತಾನೆ. ಇಲ್ಲಿ ಕರುಣೆ ಅನ್ಯಾಯಕ್ಕೆ ಒಳಗಾದವನ ಕೈಯಿಂದಲೇ ಬರುತ್ತದೆ. ಅವನು ಬದುಕಿದ್ದಾನೆ, ಬಾಗಿಲು ತೆರೆಯಬಲ್ಲ. ಅದಕ್ಕೇ ಆ ಕ್ಷಮೆ ನಮಗೆ ಅಗ್ಗವೆನಿಸುವುದಿಲ್ಲ.

ಪ್ರೇಮಚಂದರ ‘ಪಂಚ ಪರಮೇಶ್ವರ’ 1916ರ ಕಥೆ. ಜುಮ್ಮನ್ ಶೇಖ್ ತನ್ನ ಮುದಿ ಖಾಲಾಳ ಆಸ್ತಿಯನ್ನು ಮಾತು ಕೊಟ್ಟು ಬರೆಸಿಕೊಂಡು, ಆಮೇಲೆ ಅವಳನ್ನು ಹೀನಾಯವಾಗಿ ಕಾಣುತ್ತಾನೆ. ಗೆಳೆಯ ಅಲಗು ಚೌಧರಿ ಪಂಚನಾಗಿ ಕೂತು ಖಾಲಾಳ ಪರ ತೀರ್ಪು ಕೊಟ್ಟಾಗ ಅವನನ್ನು ದ್ವೇಷಿಸುತ್ತಾನೆ. ಮುಂದೆ ಅಲಗುವಿನ ವ್ಯಾಜ್ಯದಲ್ಲಿ ಜುಮ್ಮನ್ನೇ ಪಂಚನಾಗಬೇಕಾಗುತ್ತದೆ. ಸೇಡು ತೀರಿಸಿಕೊಳ್ಳುವ ಸಮಯ ಬಂತೆಂದು ನಾವು ಅಂದುಕೊಳ್ಳುವಾಗ, ಆ ಪೀಠದ ಜವಾಬ್ದಾರಿಯೇ ಅವನ ನಾಲಿಗೆಯನ್ನು ಸತ್ಯದ ಕಡೆಗೆ ತಿರುಗಿಸುತ್ತದೆ. ತನ್ನ ಯೋಗ್ಯತೆಗಿಂತ ದೊಡ್ಡ ಜಾಗದಲ್ಲಿ ಕೂತಾಗ ಮನುಷ್ಯ ತನಗಿಂತ ದೊಡ್ಡವನಾಗುವುದುಂಟು. ಇದೂ ಒಂದು ಬಗೆಯ ರಹ್ಮತ್.

ಅದೇ ಪ್ರೇಮಚಂದರು ಸುಮಾರು ಇಪ್ಪತ್ತು ವರ್ಷಗಳ ಬಳಿಕ ‘ಕಫನ್’ ಬರೆದರು. 1935ರಲ್ಲಿ ಅದು ಮೊದಲು ಉರ್ದುವಿನಲ್ಲಿ ‘ಜಾಮಿಆ’ ಪತ್ರಿಕೆಯಲ್ಲಿ ಬಂತು. ಘೀಸು ಮತ್ತು ಮಾಧವ ಎಂಬ ತಂದೆ ಮಗ, ಹೆರಿಗೆಯ ನೋವಿನಲ್ಲಿ ಸತ್ತ ಬುಧಿಯಾಳ ಕಫನಿಗೆಂದು ಊರಿನಿಂದ ಎತ್ತಿದ ದುಡ್ಡನ್ನು ಕುಡಿದು ತಿಂದು ಮುಗಿಸುತ್ತಾರೆ. ಅಲ್ಲಿ ಯಾರ ಮನಸ್ಸೂ ತಿರುಗುವುದಿಲ್ಲ. ಹಸಿವು ಮತ್ತು ಊರಿನ ವ್ಯವಸ್ಥೆ ಆ ಇಬ್ಬರನ್ನು ಎಷ್ಟು ಸುಟ್ಟಿದೆಯೆಂದರೆ ತಿರುಗಲು ಒಳಗೆ ಏನೂ ಉಳಿದಿಲ್ಲ.

ಬಾನು ಅವರ ಕಥೆ ಈ ಮೂರಕ್ಕೂ ಹತ್ತಿರವಿದ್ದು ಮೂರರಿಂದಲೂ ಬೇರೆಯಾಗುತ್ತದೆ. ಪ್ರೇಮಚಂದರ ಕಫನನ್ನು ತಿಂದುಹಾಕಿದವರು ಬಡವರು, ಅವರಿಗೆ ಪಶ್ಚಾತ್ತಾಪ ಬರಲಿಲ್ಲ. ಇಲ್ಲಿ ಕಫನನ್ನು ಮರೆತವಳು ಶ್ರೀಮಂತೆ, ಅವಳಿಗೆ ಪಶ್ಚಾತ್ತಾಪ ಬರುತ್ತದೆ, ಆದರೆ ತಡವಾಗಿ. ಜುಮ್ಮನ್‌ಗೆ ನ್ಯಾಯ ಹೇಳಲು ಒಂದು ಪೀಠ ಸಿಕ್ಕಿತು, ಶಾಜಿಯಾಳಿಗೆ ಸಿಗಲಿಲ್ಲ. ವೆಂಕಟಿಗನ ಹೆಂಡತಿಗೆ ಬಾಗಿಲು ತೆರೆಯಲು ವೆಂಕಟಿಗನಿದ್ದ. ಶಾಜಿಯಾಳಿಗೆ ಬಾಗಿಲು ತೆರೆಯಬೇಕಾದ ಬುವಾ ಮಯ್ಯತ್ತಾಗಿ ಮಲಗಿದ್ದಾಳೆ. ಕ್ಷಮಿಸಬಲ್ಲವರು ಸತ್ತುಹೋದ ಮೇಲೆ ತಪ್ಪಿತಸ್ಥನಿಗೆ ಏನು ಉಳಿಯುತ್ತದೆ? ಈ ಕಥೆ ಎತ್ತುವ ನಿಜವಾದ ಪ್ರಶ್ನೆ ಇದು.

ಕಣ್ಣೀರು ತೌಬಾ ಅಲ್ಲ

ತೌಬಾ ಎಂಬ ಮಾತಿನ ಮೂಲ ಅರ್ಥ ಮರಳುವುದು. ಉಲಮಾಗಳು ಅದಕ್ಕೆ ಷರತ್ತುಗಳನ್ನು ಹೇಳಿದ್ದಾರೆ. ತಪ್ಪನ್ನು ಬಿಡಬೇಕು, ಅದಕ್ಕಾಗಿ ಮನಸ್ಸು ಮರುಗಬೇಕು, ಮತ್ತೆ ಮಾಡಬಾರದೆಂಬ ಸಂಕಲ್ಪ ಬೇಕು. ತಪ್ಪು ಮನುಷ್ಯರಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯ ಷರತ್ತೂ ಇದೆ: ಅವರ ಹಕ್ಕನ್ನು ಅವರಿಗೆ ಮುಟ್ಟಿಸಬೇಕು ಅಥವಾ ಅವರಿಂದ ಕ್ಷಮೆ ಪಡೆಯಬೇಕು. ನಮಾಝ್, ಉಪವಾಸ, ಝಕಾತ್‌ಗಳ ರಾಶಿ ಹೊತ್ತು ಬಂದವನು ಬೇರೆಯವರ ಹಕ್ಕು ಉಳಿಸಿಕೊಂಡಿದ್ದರೆ ಅಂತ್ಯದಿನದಲ್ಲಿ ಅವನೇ ನಿಜವಾದ ದಿವಾಳಿ ಎಂದು ಪ್ರವಾದಿ(ಸ) ತಿಳಿಸಿದ್ದು ಪ್ರಸಿದ್ಧ ಹದೀಸ್. ಸಾಲ ತೀರಿಸದೆ ಸತ್ತವನ ಜನಾಝಾ ನಮಾಝ್‌ಗೆ ತಾವು ನಿಲ್ಲದೆ, ಸಹಾಬಿಯೊಬ್ಬರು ಆ ಸಾಲವನ್ನು ತಮ್ಮ ಮೇಲೆ ಹಾಕಿಕೊಂಡ ನಂತರವೇ ನಮಾಝ್ ಮಾಡಿಸಿದ ಪ್ರಸಂಗವೂ ಇದೆ. ಬುವಾಳ ಜನಾಝಾದಲ್ಲಿ ಎಲ್ಲವೂ ತಿರುಗುಮುರುಗಾಗಿದೆ. ಸಾಲ ಕೊಟ್ಟವಳು ಸತ್ತಿದ್ದಾಳೆ, ಸಾಲಗಾರ್ತಿ ಬದುಕಿದ್ದಾಳೆ. ಇದು ತನ್ನದೇ ಅಂತ್ಯಸಂಸ್ಕಾರ ಎಂದು ಶಾಜಿಯಾಳಿಗೆ ಅನ್ನಿಸುವುದು ಬರೀ ಭಾವುಕತೆಯಲ್ಲ. ಧರ್ಮದ ಲೆಕ್ಕದಲ್ಲೂ ಅದು ಸರಿಯಾದ ಅರಿವು.

ಹೀಗಿರುವಾಗ ಕಥೆಯ ಕೊನೆಯ ಅಳುವನ್ನು ಹೇಗೆ ಓದಬೇಕು? ಅತ್ತಳು, ತೊಳೆದುಹೋಯಿತು ಎಂದು ಓದುವವರಿದ್ದಾರೆ. ಉಳ್ಳವರ ಮೊಸಳೆ ಕಣ್ಣೀರು ಎಂದು ಓದುವವರೂ ಇದ್ದಾರೆ. ಎರಡೂ ಅವಸರದ ಓದು. ಶಾಜಿಯಾಳ ಮೊದಲ ಗಾಬರಿಯಲ್ಲಿ ಜನ ಏನೆನ್ನುತ್ತಾರೋ ಎಂಬ ಭಯ ಇದ್ದೇ ಇದೆ. ಆದರೆ ಹುಡುಕುತ್ತ ಹೋದಂತೆ ಒಂದು ವಿಷಯ ಅವಳಿಗೆ ತಿಳಿಯುತ್ತದೆ. ಊರಿನ ಯಾವ ಬಟ್ಟೆಯನ್ನಾದರೂ ಅವಳು ಕೊಳ್ಳಬಲ್ಲಳು, ಅದೊಂದನ್ನು ಬಿಟ್ಟು. ಹಣ ಇದ್ದರೆ ಯಾವುದನ್ನೂ ಆಮೇಲೆ ಸರಿಮಾಡಬಹುದು ಎಂಬ ಅವಳ ಜೀವಮಾನದ ಧೈರ್ಯ ಮುರಿಯುವುದು ಆಗ. ಅವಳ ಪರಿವರ್ತನೆ ಎಂದರೆ ಇಷ್ಟೇ: ತಾನು ದಾನಿಯಲ್ಲ, ಸಾಲಗಾರ್ತಿ ಎಂಬ ಅರಿವು. ಜಾನಮಾಝ್ ಕೊಟ್ಟ ದಿನ ಯಾವ ಜಾಗದಲ್ಲಿ ನಿಲ್ಲಲು ಅವಳು ಒಪ್ಪಲಿಲ್ಲವೋ ಆ ಜಾಗಕ್ಕೆ ಈಗ ಬಂದು ನಿಂತಿದ್ದಾಳೆ. ಇದು ತೌಬಾದ ಆರಂಭ, ಪೂರ್ತಿ ತೌಬಾ ಅಲ್ಲ.

ನೂರು ಕೊಲೆ ಮಾಡಿದವನ ಹದೀಸ್ ನೆನಪಾಗುತ್ತದೆ. ತೊಂಬತ್ತೊಂಬತ್ತು ಜನರನ್ನು ಕೊಂದವನು ತನಗೆ ಕ್ಷಮೆಯಿದೆಯೇ ಎಂದು ಒಬ್ಬ ಸನ್ಯಾಸಿಯನ್ನು ಕೇಳುತ್ತಾನೆ. ಇಲ್ಲವೆಂದ ಅವನನ್ನೂ ಕೊಲ್ಲುತ್ತಾನೆ. ಬಳಿಕ ಒಬ್ಬ ಜ್ಞಾನಿ ಅವನಿಗೆ ಒಳ್ಳೆಯವರ ಊರಿಗೆ ಹೋಗೆಂದು ದಾರಿ ತೋರಿಸುತ್ತಾನೆ. ಅವನು ಊರು ಮುಟ್ಟುವ ಮೊದಲೇ ಸಾಯುತ್ತಾನೆ. ಮಲಕ್‌ಗಳು ಅವನಿಗಾಗಿ ವಾದಿಸಿದಾಗ ದಾರಿಯನ್ನು ಅಳೆಯಲಾಗುತ್ತದೆ. ಒಳ್ಳೆಯ ಊರಿಗೆ ಅವನು ಒಂದು ಗೇಣು ಹತ್ತಿರವಿದ್ದ, ಆದ್ದರಿಂದ ರಹ್ಮತ್‌ಗೆ ಪಾತ್ರನಾದ. ಈ ಹದೀಸ್‌ನಲ್ಲಿ ಕಥೆ ಬರೆಯುವವರಿಗೆ ದೊಡ್ಡ ಪಾಠವಿದೆ. ಅವನು ತಲುಪಿದನೇ ಎಂದು ಯಾರೂ ಕೇಳಲಿಲ್ಲ. ಯಾವ ಕಡೆಗೆ ಮುಖ ಮಾಡಿದ್ದ, ಎಷ್ಟು ಹೆಜ್ಜೆ ಹಾಕಿದ್ದ ಎಂಬುದನ್ನು ನೋಡಲಾಯಿತು. ಬಾನು ಅವರೂ ಶಾಜಿಯಾಳನ್ನು ಒಳ್ಳೆಯವರ ಊರಿಗೆ ತಲುಪಿಸಿಬಿಡುವ ಗೊಡವೆಗೆ ಹೋಗಿಲ್ಲ. ಮುಖ ತಿರುಗಿದ ಕ್ಷಣದಲ್ಲಿ ಅವಳನ್ನು ಬಿಟ್ಟಿದ್ದಾರೆ.

ಬಾಗಿಲಲ್ಲಿ ನಿಂತ ಅಲ್ತಾಫ್

ಈ ಕಥೆಯ ಮಾತು ಬಂದಾಗ ಶಾಜಿಯಾ ಮತ್ತು ಬುವಾಳನ್ನು ಮಾತ್ರ ಚರ್ಚಿಸಿ ಅಲ್ತಾಫನನ್ನು ಬಿಟ್ಟುಬಿಡುವುದುಂಟು. ಕರುಣೆ ಕಥೆಯೊಳಗೆ ಬರುವುದು ಅವನ ರೂಪದಲ್ಲೇ ಎಂದು ನನ್ನ ನಂಬಿಕೆ. ಅವನು ಜಗಳ ಮಾಡಲು ಬಂದವನಲ್ಲ. ಶಾಜಿಯಾ ಕಫನ್ ತಂದಿಟ್ಟಿದ್ದಾಳೆಂದೇ ನಂಬಿ ಬಂದವನು. ಮೋಸ ಹೋದವನು ಮೋಸ ಮಾಡಿದವಳನ್ನು ಇನ್ನೂ ನಂಬುವುದಕ್ಕಿಂತ ತೀಕ್ಷ್ಣವಾದ ಆರೋಪ ಬೇರೆ ಇಲ್ಲ. ಅದಕ್ಕಿಂತ ದೊಡ್ಡ ಅವಕಾಶವೂ ಇಲ್ಲ.

ಫಿಕ್ಹ್ ಏನು ಹೇಳುತ್ತದೆ ನೋಡಿ. ಹಕ್ಕುದಾರ ಸತ್ತರೆ ಆ ಹಕ್ಕು ಸಾಯುವುದಿಲ್ಲ, ವಾರಸುದಾರರಿಗೆ ಹೋಗುತ್ತದೆ. ಅಂದರೆ ಆ ಮುಂಜಾನೆ ಕೈಕಟ್ಟಿ ಬಾಗಿಲಲ್ಲಿ ನಿಂತವನು ಬೇಡಲು ಬಂದ ಬಡವನಲ್ಲ, ಶಾಜಿಯಾಳಿಗೆ ಸಾಲ ಕೊಟ್ಟವರ ಮನೆಯ ವಾರಸುದಾರ. ಬುವಾ ಕ್ಷಮಿಸಲಾರಳು, ನಿಜ. ಆದರೆ ಅಲ್ತಾಫನ ಎದುರು ನಿಂತು, ನಾನು ತರಲಿಲ್ಲ, ನಿನ್ನ ತಾಯಿ ಕೇಳಲು ಬಂದಾಗ ನಾನೇ ಗದರಿಸಿದೆ ಎಂದು ಹೇಳುವ ದಾರಿ ಮುಚ್ಚಿಲ್ಲ. ಆ ಮಾತನ್ನು ಶಾಜಿಯಾ ಹೇಳಿದ್ದನ್ನು ಕಥೆ ತೋರಿಸುವುದಿಲ್ಲ. ಅವಳ ಅಳುವಿನ ನಿಜವಾದ ಕಾರಣ ಅವಳಿಗೊಬ್ಬಳಿಗೇ ಗೊತ್ತು. ಕಾಣುವ ಕಣ್ಣೀರು ಎಲ್ಲರದು, ಹೇಳಬೇಕಾದ ಮಾತು ಅವಳೊಬ್ಬಳದು. ಅದನ್ನು ಹೇಳುವ ತನಕ ಕಣ್ಣೀರು ಬುವಾಳ ಮೇಲಿನ ಪ್ರೀತಿಯೆಂದೇ ಜನ ತಿಳಿಯುತ್ತಾರೆ, ಮತ್ತೆ ದಾನಿಯ ಜಾಗವೇ ಅವಳಿಗೆ ಸಿಗುತ್ತದೆ. ಕಥೆಯ ಕೊನೆಯ ಅಪಾಯ ಇದು. ರಹ್ಮತ್ ಬಾಗಿಲಿಗೆ ಬಂದಿದೆ. ಶಾಜಿಯಾ ಅಲ್ತಾಫನನ್ನು ಒಳಗೆ ಕರೆದು ಕೂರಿಸುತ್ತಾಳೋ, ಅಥವಾ ಒಂದಷ್ಟು ನೋಟು ಕೊಟ್ಟು ಕಳಿಸುತ್ತಾಳೋ ಎಂಬುದು ನಮ್ಮ ಮನಸ್ಸಿಗೆ ಬಿಟ್ಟದ್ದು.

ಕಥೆಯಲ್ಲಿ ಕೊರತೆಗಳೇ ಇಲ್ಲವೆಂದಲ್ಲ. ಯಾಸೀನ್ ಬುವಾ ಸ್ವಲ್ಪ ಹೆಚ್ಚೇ ನಿರ್ಮಲಳಾಗಿದ್ದಾಳೆ. ದುಡಿದು ಬದುಕುವ ಹೆಂಗಸರಲ್ಲಿ ಕಾಣುವ ಒರಟು ಮಾತು, ಬೈಗುಳ, ಹಾಸ್ಯ ಅವಳಲ್ಲಿ ಇನ್ನಷ್ಟು ಇದ್ದಿದ್ದರೆ ಅವಳ ನಿರಾಕರಣೆಗೆ ಇನ್ನೂ ತೂಕ ಬರುತ್ತಿತ್ತು. ಕೊನೆಯ ಅರಿವನ್ನು ಲೇಖಕಿ ತಾವೇ ಹೇಳಿಬಿಡುವುದೂ ಅಷ್ಟು ಅಗತ್ಯವಿರಲಿಲ್ಲ. ಓದುಗನಿಗೆ ಅದು ಆಗಲೇ ತಲುಪಿರುತ್ತದೆ. ಇವಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಶ್ರೀಮಂತೆಯ ಕಣ್ಣು ತೆರೆಯಲು ಬಡವಳು ಸಾಯಲೇಬೇಕಿತ್ತೇ? ಬಡವರ ಸಾವನ್ನು ಉಳ್ಳವರ ಆತ್ಮೋದ್ಧಾರದ ಮೆಟ್ಟಿಲು ಮಾಡಿಕೊಂಡ ಕಥೆಗಳು ಎಲ್ಲ ಭಾಷೆಗಳಲ್ಲೂ ಇವೆ. ಈ ಕಥೆ ಆ ಗುಂಪಿಗೆ ಸೇರದಂತೆ ಉಳಿಸಿರುವುದು ಒಂದೇ ಸಂಗತಿ. ಬುವಾಳ ಸಾವಿನಿಂದ ಶಾಜಿಯಾಳಿಗೆ ನೆಮ್ಮದಿ ಸಿಗುವುದಿಲ್ಲ. ಸಾವು ಅವಳ ಸಾಲವನ್ನು ತೀರಿಸಲಿಲ್ಲ, ತೀರಿಸುವ ಸುಲಭದ ದಾರಿಯನ್ನು ಮುಚ್ಚಿತು.

ಕೊನೆಗೆ, ಇಂಥ ಕಥೆಗಳಿಂದ ಸಮುದಾಯದ ಮಾನ ಹೋಗುತ್ತದೆ ಎನ್ನುವವರಿಗೆ ಒಂದು ಮಾತು. ಹಜ್ಜ್ ಮಾಡಿಬಂದವಳನ್ನು ಹೀಗೆ ತೋರಿಸಬೇಕಿತ್ತೇ ಎಂಬ ಅಸಮಾಧಾನ ಅರ್ಥವಾಗುತ್ತದೆ. ಸುತ್ತಲಿನ ವಾತಾವರಣ ಮುಸ್ಲಿಮರ ಪ್ರತಿ ತಪ್ಪನ್ನೂ ಭೂತಗನ್ನಡಿಯಲ್ಲಿ ನೋಡುವಾಗ ಆ ಅಳುಕು ಸಹಜ. ಆದರೆ ಶಾಜಿಯಾಳ ತಪ್ಪನ್ನು ಕಥೆ ಅಳೆದಿರುವುದು ಯಾವ ಅಳತೆಗೋಲಿನಿಂದ? ಅಮಾನತ್, ಹಕ್ಕು, ಹಜ್ಜ್, ಕಫನ್, ತೌಬಾ, ಇವೆಲ್ಲ ನಮ್ಮದೇ ಅಳತೆಗಳು. ಹೊರಗಿನವರ ತಕ್ಕಡಿ ಇಲ್ಲಿ ಬಂದೇ ಇಲ್ಲ. ಅನುವಾದಕಿ ಕೂಡ ಕನ್ನಡ, ಉರ್ದು, ಅರಬಿ ಪದಗಳನ್ನು ಇಂಗ್ಲಿಷಿನಲ್ಲಿ ಓರೆ ಅಕ್ಷರ ಮಾಡದೆ, ಅವು ಅನ್ಯ ಎಂಬಂತೆ ತೋರಿಸದೆ, ಸಾಲಿನ ನಡುವೆ ಸಹಜವಾಗಿ ಉಳಿಸಿದ್ದಾರೆ. ಮುಸ್ಲಿಮೇತರ ಓದುಗನೊಬ್ಬ ಈ ಕಥೆಯಿಂದ ಕಲಿಯುವುದು ಮುಸ್ಲಿಮರು ಕೆಟ್ಟವರೆಂದಲ್ಲ. ಒಂದು ತುಂಡು ಬಟ್ಟೆಯ ಮಾತು ತಪ್ಪಿದ್ದಕ್ಕೆ ಒಬ್ಬ ಹೆಂಗಸಿಗೆ ತನ್ನ ಹಜ್ಜೇ ಬರಿದಾಯಿತೆನಿಸುವಷ್ಟು ಈ ಧರ್ಮದಲ್ಲಿ ಮನುಷ್ಯರ ಹಕ್ಕು ದೊಡ್ಡದು ಎಂಬುದನ್ನು ಅವನು ಕಲಿಯುತ್ತಾನೆ. ಸಮುದಾಯದ ಬಗ್ಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಯಾವ ಪ್ರವಚನ ಕೊಟ್ಟೀತು?

ಕಥೆ ಬರೆಯುವ ನಮ್ಮ ಕಿರಿಯರಿಗೂ ಇದರ ಪ್ರಯೋಜನವಿದೆ. ಪಾತ್ರವನ್ನು ಅಳಿಸುವುದು ಕಷ್ಟವಲ್ಲ. ಅಳುವ ಮೊದಲು ಅದು ಯಾರ ಹಕ್ಕನ್ನು ಉಳಿಸಿಕೊಂಡಿದೆ, ಆ ಹಕ್ಕುದಾರ ಈಗ ಎಲ್ಲಿ ನಿಂತಿದ್ದಾನೆ ಎಂದು ಕಥೆಗಾರನಿಗೆ ಗೊತ್ತಿರಬೇಕು. ಅಲ್ಲಾಹನ ರಹ್ಮತ್‌ಗೆ ಮಿತಿಯಿಲ್ಲ ಎಂಬುದು ನಮ್ಮ ಈಮಾನ್. ಆ ರಹ್ಮತ್ ಬಹಳ ಸಲ ನಮ್ಮ ಬಾಗಿಲಿಗೆ ಬರುವುದು ಮಾತ್ರ ಬಾಕಿ ಕೇಳಲು ಬಂದವನ ವೇಷದಲ್ಲಿ.